40 ಡಿಗ್ರಿ ಮುಟ್ಟದ ಬಿಸಿಲೂ ಅಪಾಯವೇ: ರಾಗಿಗುಡ್ಡದ ನೆರಳಿನಿಂದ ಒಂದು ಅವಲೋಕನ

ಶಿವಮೊಗ್ಗ: ಬಿಸಿಲಿನ ಮಾತು ಬಂದಾಗ ಶಿವಮೊಗ್ಗದವರು ಕಲಬುರಗಿ, ರಾಯಚೂರುಗಳ ಕಡೆ ಬೆರಳು ತೋರಿಸುವುದು ರೂಢಿ. ಮಲೆನಾಡಿನ ಹೆಬ್ಬಾಗಿಲಿಗೆ ಬಿಸಿಲೆಂದರೆ ಮುಂಗಾರು ಬರುವ ತನಕದ ಎರಡು ತಿಂಗಳ ಕಿರಿಕಿರಿ, ಅಷ್ಟೇ. ಈ ನಂಬಿಕೆಯನ್ನು ಈಗ ಬದಲಿಸಿಕೊಳ್ಳಬೇಕಾಗಿದೆ. ಮಹಾವೀರ ಜಯಂತಿ, ಅಕ್ಷಯ ತೃತೀಯ, ಮುನಿಸಂಘಗಳ ವಿಹಾರ ಎಲ್ಲವೂ ಬೇಸಿಗೆಯಲ್ಲೇ ಬರುವುದರಿಂದ ಇದು ನಮ್ಮ ಸಮಾಜ ಗಂಭೀರವಾಗಿ ಯೋಚಿಸಬೇಕಾದ ವಿಷಯ.

ಲೆಕ್ಕಕ್ಕೆ ಸಿಗದ ಬಿಸಿಲು

ಭಾರತೀಯ ಹವಾಮಾನ ಇಲಾಖೆಯ ಮಾನದಂಡದಂತೆ ಬಯಲು ಪ್ರದೇಶದಲ್ಲಿ ಉಷ್ಣ ಅಲೆ ಎನ್ನಲು ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಸೆಲ್ಸಿಯಸ್ ತಲುಪಬೇಕು. ಕರಾವಳಿಗೆ ಈ ಮಿತಿ 37, ಗುಡ್ಡಗಾಡಿಗೆ 30. ಇದರ ಜೊತೆಗೆ ತಾಪಮಾನವು ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಏಪ್ರಿಲ್‌ನಲ್ಲಿ ಶಿವಮೊಗ್ಗದ ವಾಡಿಕೆಯ ಗರಿಷ್ಠ ತಾಪಮಾನ 35-36 ಡಿಗ್ರಿಯ ಆಸುಪಾಸು. ಬಯಲಿನ ಲೆಕ್ಕ ಹಿಡಿದರೆ ಇಲ್ಲಿ 39 ಡಿಗ್ರಿ ದಾಖಲಾದರೂ ಅದು ಉಷ್ಣ ಅಲೆ ಎನಿಸಿಕೊಳ್ಳುವುದಿಲ್ಲ. ಆದರೆ ಆ ಬಿಸಿಗೆ ಒಗ್ಗದ ದೇಹಕ್ಕೆ ಮಾನದಂಡ ಗೊತ್ತಿಲ್ಲ. ಘೋಷಣೆಯಾಗಲಿಲ್ಲ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದು ತಿಳಿಯಬಾರದು.

ಇದಕ್ಕೆ ಕಹಿ ಉದಾಹರಣೆ ನವಿ ಮುಂಬಯಿಯ ಖಾರ್ಘರ್. 2023ರ ಏಪ್ರಿಲ್ 16ರಂದು ಅಲ್ಲಿನ ಬಯಲಿನಲ್ಲಿ ನಡೆದ ಪ್ರಶಸ್ತಿ ಪ್ರದಾನ ಸಮಾರಂಭಕ್ಕೆ ಲಕ್ಷಾಂತರ ಜನ ಬಂದು ಬಿಸಿಲಲ್ಲೇ ಕುಳಿತಿದ್ದರು. ಬಿಸಿಲಾಘಾತಕ್ಕೆ 14 ಮಂದಿ ಬಲಿಯಾದರು. ಅಂದು ಆ ಪ್ರದೇಶದ ತಾಪಮಾನ ಸುಮಾರು 38 ಡಿಗ್ರಿ ಮಾತ್ರ. ಜೀವ ತೆಗೆದದ್ದು ಆ ಅಂಕಿಯೊಂದೇ ಅಲ್ಲ. ಅದರ ಜೊತೆ ತೇವಭರಿತ ಗಾಳಿ, ನೆರಳಿಲ್ಲದ ಬಯಲು ಮತ್ತು ಗಂಟೆಗಟ್ಟಲೆ ಕಾಯುವಿಕೆ ಸೇರಿದ್ದವು.

ಅಪರೂಪದ್ದು ಸಾಮಾನ್ಯವಾಗುತ್ತಿದೆ

ಜಾಗತಿಕ ತಾಪಮಾನದ ಸರಾಸರಿ ಒಂದು ಡಿಗ್ರಿ ಏರಿದರೆ ಏನು ಮಹಾ ಎಂದು ಕೇಳುವವರಿದ್ದಾರೆ. ಸರಾಸರಿ ಸ್ವಲ್ಪ ಸರಿದರೂ ವಿಪರೀತದ ದಿನಗಳು ಹಲವು ಪಟ್ಟು ಹೆಚ್ಚುತ್ತವೆ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯ 2021ರ ವರದಿಯ ಪ್ರಕಾರ, 1850-1900ರ ಅವಧಿಯಲ್ಲಿ 10 ವರ್ಷಕ್ಕೊಮ್ಮೆ ಬರುತ್ತಿದ್ದ ತೀವ್ರ ಬಿಸಿ, ಭೂಮಿ 1 ಡಿಗ್ರಿ ಬಿಸಿಯಾದಾಗ 2.8 ಬಾರಿ, 1.5 ಡಿಗ್ರಿಗೆ 4.1 ಬಾರಿ, 2 ಡಿಗ್ರಿಗೆ 5.6 ಬಾರಿ ಬರುತ್ತದೆ. 50 ವರ್ಷಕ್ಕೊಮ್ಮೆ ಬರುತ್ತಿದ್ದುದು 2 ಡಿಗ್ರಿ ಏರಿಕೆಯಲ್ಲಿ ಸುಮಾರು 14 ಬಾರಿ ಬರುತ್ತದೆ. ಅಜ್ಜ ತನ್ನ ಜೀವಮಾನದಲ್ಲಿ ಒಂದೆರಡು ಸಲ ಕಂಡದ್ದನ್ನು ಮೊಮ್ಮಗ ಮತ್ತೆ ಮತ್ತೆ ಕಾಣಬೇಕಾಗುತ್ತದೆ.

2024 ಭಾರತದಲ್ಲಿ 1901ರಿಂದೀಚೆಗಿನ ಅತ್ಯಂತ ಬಿಸಿಯ ವರ್ಷವಾಗಿ ದಾಖಲಾಯಿತು. ಅದಕ್ಕೂ ಮೊದಲು, 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಒಣಗಿದ ನೆಲ ಬೇಗ ಕಾಯುತ್ತದೆ. ತಂಪಿಗೆ ಹೆಸರಾದ ಬೆಂಗಳೂರಿನಲ್ಲೂ 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಯಿತು. ಅದಕ್ಕೆ ಒಂದು ವಾರ ಮೊದಲಷ್ಟೇ, ಏಪ್ರಿಲ್ 21ರಂದು, ನಾವು ಮಹಾವೀರ ಜಯಂತಿ ಆಚರಿಸಿದ್ದೆವು.

ತೇವ ಮತ್ತು ರಾತ್ರಿ

ಬೆವರು ಆರಿದರೆ ಮಾತ್ರ ದೇಹ ತಂಪಾಗುತ್ತದೆ. ಗಾಳಿಯ ಉಷ್ಣತೆ 1 ಡಿಗ್ರಿ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ತೇವ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಮುಂಗಾರಿಗೆ ಮುನ್ನ ತುಂಗಾ ತೀರದಲ್ಲಿ ಸೆಕೆ ಹೆಚ್ಚಿದಾಗ 37 ಡಿಗ್ರಿಯೂ ಬಯಲುಸೀಮೆಯ ಒಣ 40ಕ್ಕಿಂತ ಕಷ್ಟವೆನಿಸಬಹುದು. ರಾತ್ರಿ ತಂಪಾಗದಿದ್ದರೆ ಹಗಲಿನ ದಣಿವು ಮರುದಿನಕ್ಕೂ ಉಳಿಯುತ್ತದೆ.

1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದ ಹಿರಿಯರಿಗೆ ಪಾಳಿ ಮುಗಿದ ಮೇಲೆ ಹೊರಗಿನ ಗಾಳಿಯಾದರೂ ಇತ್ತು. ಊರೇ ಕಾದಾಗ ಹೊರಗೆಲ್ಲಿಗೆ ಹೋಗುವುದು?

ಇಲ್ಲಿಯೇ ರಾಗಿಗುಡ್ಡದ ಮಾತು ಬರುತ್ತದೆ. ಮರ ನೆರಳು ಕೊಡುವುದಲ್ಲದೆ ಎಲೆಗಳಿಂದ ನೀರನ್ನು ಆವಿಯಾಗಿಸಿ ಸುತ್ತಲಿನ ಗಾಳಿಯನ್ನು ತಂಪಾಗಿಸುತ್ತದೆ. ಕಾಂಕ್ರೀಟು, ಡಾಂಬರು, ತಗಡಿನ ಶೀಟು ಹಗಲಿಡೀ ಬಿಸಿ ಹೀರುತ್ತವೆ. ಅದರಲ್ಲೂ ಕಾಂಕ್ರೀಟು, ಡಾಂಬರು ಅದನ್ನು ಹಿಡಿದಿಟ್ಟುಕೊಂಡು ರಾತ್ರಿ ಹೊರಬಿಡುತ್ತವೆ. ನಗರದ ಅಂಚಿನಲ್ಲಿದ್ದ ಗುಡ್ಡವನ್ನು ಇಂದು ಬಡಾವಣೆಗಳು ಸುತ್ತುವರಿದಿವೆ. ಒತ್ತುವರಿ ಮತ್ತು ಮಣ್ಣು ಅಗೆತದ ವಿರುದ್ಧ ಪರಿಸರಾಸಕ್ತರು ದನಿ ಎತ್ತುತ್ತಲೇ ಬಂದಿದ್ದಾರೆ. ಗುಡ್ಡ ಬೋಳಾದರೆ ಮೊದಲು ಬೇಯುವುದು ಅದರ ಬುಡದಲ್ಲಿ ಶೀಟಿನ ಮನೆಯಲ್ಲಿರುವ ಕೂಲಿಕಾರರ ಮಕ್ಕಳು. ಗುಡ್ಡ ಉಳಿಸುವುದು ಅವರ ಆರೋಗ್ಯದ ಪ್ರಶ್ನೆಯೂ ಹೌದು.

ಸಮಾಜ ಏನು ಮಾಡಬಹುದು?

ಪೂಜ್ಯ ಮುನಿಮಹಾರಾಜರು, ಮಾತಾಜಿಯವರು ಬರಿಗಾಲಲ್ಲಿ ವಿಹಾರ ಮಾಡುವವರು. ದಿಗಂಬರ ಮುನಿಗಳು ಆಹಾರ, ನೀರು ಎರಡನ್ನೂ ದಿನಕ್ಕೊಮ್ಮೆ ಮಾತ್ರ ಸ್ವೀಕರಿಸುತ್ತಾರೆ. ಬೇಸಿಗೆಯ ಮಧ್ಯಾಹ್ನ ಡಾಂಬರು ರಸ್ತೆ 60 ಡಿಗ್ರಿವರೆಗೂ ಕಾಯಬಹುದು. ಈರ್ಯಾ ಸಮಿತಿಯ ಪಾಲನೆಯಿಂದಾಗಿ ಕತ್ತಲಲ್ಲಿ ವಿಹಾರ ಸಾಧ್ಯವಿಲ್ಲ. ಉಳಿಯುವುದು ಸೂರ್ಯೋದಯದ ನಂತರದ ಎರಡು-ಮೂರು ಗಂಟೆ ಮತ್ತು ಸಂಜೆಯ ಸ್ವಲ್ಪ ಹೊತ್ತು. ಬಿಸಿಲು ಬೇಗ ಏರಿದಷ್ಟೂ ಈ ಅವಧಿ ಕಿರಿದಾಗುತ್ತದೆ. ಚರ್ಯೆಯನ್ನು ಸಡಿಲಿಸಿ ಎಂದು ಕೇಳುವುದು ನಮ್ಮ ಕೆಲಸವಲ್ಲ. ವಿಹಾರದ ಒಂದೊಂದು ಹಂತವನ್ನೂ ಚಿಕ್ಕದಾಗಿಸಿ, ನಡುವೆ ತಂಗಲು ಹೆಚ್ಚು ಸ್ಥಳ ಒದಗಿಸುವುದು ಶ್ರಾವಕರ ಕರ್ತವ್ಯ.

ಉತ್ಸವ ಸಮಿತಿಗಳು ಮೆರವಣಿಗೆಯನ್ನು ಬೆಳಗಿನ 9ರೊಳಗೆ ಮುಗಿಸಲಿ. ಸಭೆಗಳು ಬಯಲಿನಲ್ಲಿ ಬೇಡ. ಬಸದಿಯ ಕಲ್ಲು ಹಾಸಿನ ಮೇಲೆ ಚಪ್ಪರ, ನಾರಿನ ಚಾಪೆ ಇರಲಿ. ರಾತ್ರಿ ನೀರನ್ನೂ ತ್ಯಜಿಸುವ ವ್ರತಿಗಳು ಏಪ್ರಿಲ್‌ನಲ್ಲಿ 11 ಗಂಟೆಗೂ ಹೆಚ್ಚು ಕಾಲ ನೀರಿಲ್ಲದೆ ಇರುತ್ತಾರೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆಗೆ ಔಷಧಿ ತೆಗೆದುಕೊಳ್ಳುವ ಹಿರಿಯರು ನಿಯಮ ಸ್ವೀಕರಿಸುವ ಮುನ್ನ ವೈದ್ಯರ ಸಲಹೆ ಪಡೆಯುವುದು ಒಳಿತು. ಯಾರಾದರೂ ತಡವರಿಸಿ ಮಾತಾಡಿದರೆ ಅಥವಾ ಪ್ರಜ್ಞೆ ತಪ್ಪಿದರೆ ಬಾಯಿಗೆ ನೀರು ಸುರಿಯಬೇಡಿ. ನೆರಳಿಗೆ ತಂದು, ಮೈಗೆ ನೀರು ಹಾಕಿ, ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ.

ಅಹಮದಾಬಾದ್ ನಗರ 2010ರ ಬಿಸಿಗಾಳಿಗೆ ಅಪಾರ ಜೀವಹಾನಿ ಅನುಭವಿಸಿ, 2013ರಲ್ಲಿ ದೇಶದ ಮೊದಲ ನಗರ ಉಷ್ಣ ಕ್ರಿಯಾ ಯೋಜನೆ ರೂಪಿಸಿತು. ಅಲ್ಲಿ ಬಡವರ ಮನೆಗಳ ಮಾಡಿಗೆ ಬಿಳಿ ಬಣ್ಣ ಬಳಿಯುವ ಸರಳ ಉಪಾಯವೂ ನಡೆಯಿತು. ನಮ್ಮೂರಿನಲ್ಲಿ ಅದಕ್ಕೆ ಸುಣ್ಣ ಸಾಕು. ಬೇಸಿಗೆಗೆ ಅರವಟ್ಟಿಗೆ ಇಡುವುದು, ಹಕ್ಕಿಗಳಿಗೆ ನೀರಿಡುವುದು ನಮ್ಮ ಹಿರಿಯರಿಂದ ಬಂದ ಜೀವದಯೆ. ಈ ವರ್ಷ ಆ ಅರವಟ್ಟಿಗೆಗಳಲ್ಲಿ ಒಂದು ರಾಗಿಗುಡ್ಡದ ಬುಡದಲ್ಲೂ ಇರಲಿ, ಅದರ ಪಕ್ಕದಲ್ಲಿ ನಾಲ್ಕು ಹೊಂಗೆ ಸಸಿಗಳೂ ಬೇರೂರಲಿ.