ನನಗೂ ಹಾಗೇ ಆಗಿತ್ತು!

ಬೆಳಗ್ಗೆ ಮಕ್ಕಳನ್ನು ಸ್ಕೂಲ್ ವ್ಯಾನ್ ಹತ್ತಿಸಿ ಬಂದು ಗೇಟಿನ ಹತ್ತಿರ ಹತ್ತು ನಿಮಿಷ ನಿಂತರೆ ಸಾಕು, ನಮ್ಮ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲೋದು ಮಾತ್ರೆಯ ಮೇಲೇ. ‘ನಿಮಗೆ ಯಾವುದು ಬರೆದುಕೊಟ್ಟಿದ್ದಾರೆ?’, ‘ಎಷ್ಟು ಪವರ್‌ದು?’, ‘ಅಯ್ಯೋ, ಅದಾ! ಅದನ್ನು ತಗೊಂಡು ನನಗೆ ಕಾಲೆಲ್ಲ ಊದಿಕೊಂಡಿತ್ತು ಕಣ್ರೀ.’ ಕೇಳಿಸಿಕೊಂಡ ಗಂಡಸರು ನಗುತ್ತಾರೆ. ನಿಮಗೆಲ್ಲ ಒಂದೊಂದು ಬೋರ್ಡ್ ಬರೆಸಿಕೊಡಬೇಕು ಎಂದು ನಮ್ಮ ಯಜಮಾನರು ಒಮ್ಮೆ ಅಂದಿದ್ದರು. ನಗಲಿ ಬಿಡಿ. ನಮ್ಮ ಅತ್ತೆಯ ಎಂಟು ತಿಂಗಳ ಕೆಮ್ಮು ನಿಂತಿದ್ದು ಇಂಥದ್ದೇ ಒಂದು ಕಾಂಪೌಂಡ್ ಮಾತಿನಿಂದ. ಆದರೆ ಅದೇ ಕಥೆ ಕೇಳಿ ಇನ್ನೊಬ್ಬರು ಆಸ್ಪತ್ರೆ ಸೇರಿದರು, ಮತ್ತು ಆ ಕಥೆ ಹೇಳಿದವಳು ನಾನೇ. ಅದಕ್ಕೇ ಎರಡನ್ನೂ ನಿಮ್ಮ ಮುಂದೆ ಇಡುತ್ತಿದ್ದೇನೆ.

ಅತ್ತೆಗೆ ಬಿ.ಪಿ. ಇದೆ ಅಂತ ಗೊತ್ತಾದಾಗ ಎನಲಾಪ್ರಿಲ್ ಮಾತ್ರೆ ಬರೆದುಕೊಟ್ಟಿದ್ದರು. ತಿಂಗಳೊಳಗೆ ಬಿ.ಪಿ. ಹಿಡಿತಕ್ಕೆ ಬಂತು, ಎಲ್ಲರಿಗೂ ಸಮಾಧಾನ. ಅದಾಗಿ ಸ್ವಲ್ಪ ದಿನಕ್ಕೆ ಒಂದು ಒಣಕೆಮ್ಮು ಹತ್ತಿಕೊಂಡಿತು. ಕಫ ಇಲ್ಲ, ಜ್ವರ ಇಲ್ಲ, ಗಂಟಲಲ್ಲಿ ಬರೀ ಕೆರೆತ. ರಾತ್ರಿ ಮಲಗಿದರೆ ಇನ್ನೂ ಜಾಸ್ತಿ. ಶುಂಠಿ-ಮೆಣಸಿನ ಕಷಾಯ ಆಯಿತು, ಜ್ಯೇಷ್ಠಮಧು ಆಯಿತು, ದೊಡ್ಡಪತ್ರೆ ರಸ ಆಯಿತು. ಮೂರು ಥರದ ಸಿರಪ್ ಬಾಟಲಿ ಖಾಲಿಯಾದವು. ಟಿ.ಬಿ. ಇರಬಹುದಾ ಅಂತ ಎಕ್ಸ್-ರೇ ತೆಗೆಸಿದೆವು, ಅದೂ ಕ್ಲಿಯರ್!

ಕೆಮ್ಮಿಗೆ ತೋರಿಸಿದ್ದು ಬೇರೆ ಡಾಕ್ಟರಿಗೆ. ‘ಬೇರೆ ಏನಾದ್ರೂ ಔಷಧ ತಗೋತೀರಾ ಅಮ್ಮಾ?’ ಅಂತ ಅವರು ಕೇಳಿದ್ದರು. ಅತ್ತೆ ‘ಏನೂ ಇಲ್ಲಪ್ಪ’ ಅಂದರು. ಸುಳ್ಳು ಹೇಳಿದ್ದಲ್ಲ. ಅವರ ಲೆಕ್ಕದಲ್ಲಿ ಬಿ.ಪಿ. ಮಾತ್ರೆ ಔಷಧವೇ ಅಲ್ಲ, ಬೆಳಗಿನ ಕಾಫಿ ಥರ ಅದೊಂದು ಅಭ್ಯಾಸ. ಪಕ್ಕದಲ್ಲೇ ಕೂತಿದ್ದ ನನಗೂ ಹೊಳೆಯಲಿಲ್ಲ ನೋಡಿ. ಈ ನಡುವೆ ಅತ್ತೆ ಭಜನೆಗೆ ಹೋಗೋದನ್ನು ಬಿಟ್ಟರು. ಕೆಮ್ಮಿ ಎಲ್ಲರಿಗೂ ತೊಂದರೆ ಕೊಡೋದು ಬೇಡ ಎಂದಿರಬೇಕು ಅಂದುಕೊಂಡಿದ್ದೆ. ಜೋರಾಗಿ ಕೆಮ್ಮಿದಾಗ ಸೀರೆ ಒದ್ದೆಯಾಗುತ್ತಿತ್ತು, ಅದಕ್ಕೇ ಹೋಗುತ್ತಿರಲಿಲ್ಲ ಅನ್ನೋದು ಗೊತ್ತಾಗಿದ್ದು ಎಷ್ಟೋ ದಿನಗಳ ಮೇಲೆ. ಒಂದೇ ಮನೆಯಲ್ಲಿದ್ದ ಸೊಸೆಗೂ ಹೇಳಿರಲಿಲ್ಲ ಅವರು.

ಹಿಂದಿನ ಮನೆಯ ಆಂಟಿ ಒಂದು ಸಂಜೆ ಕರಿಬೇವು ಕೇಳಲು ಬಂದವರು ಈ ಕೆಮ್ಮು ಕೇಳಿ ಅಲ್ಲೇ ನಿಂತರು. ‘ನನಗೂ ಹಾಗೇ ಆಗಿತ್ತು. ಬಿ.ಪಿ. ಮಾತ್ರೆ ಸ್ಟ್ರಿಪ್ ತಗೊಂಬನ್ನಿ, ಹೆಸರಿನ ಕೊನೆಯಲ್ಲಿ ಪ್ರಿಲ್ ಅಂತ ಇದೆಯಾ ನೋಡೋಣ’ ಅಂದರು. ಇತ್ತು. ಮಾರನೆಯ ದಿನವೇ ಸ್ಟ್ರಿಪ್ ಹಿಡಿದುಕೊಂಡು ಬಿ.ಪಿ. ಡಾಕ್ಟರ್ ಹತ್ತಿರ ಹೋದೆವು. ಅವರು ಆ ಮಾತ್ರೆ ನಿಲ್ಲಿಸಿ, ಅದರ ಜಾಗಕ್ಕೆ ಲೋಸಾರ್ಟಾನ್ ಬರೆದರು. ಮೂರನೇ ವಾರಕ್ಕೆ ಕೆಮ್ಮು ಮಾಯ.

ಇದೇನೂ ಅಪರೂಪದ್ದಲ್ಲ. ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್, ಇವೆಲ್ಲ ಒಂದೇ ಗುಂಪಿನ ಮಾತ್ರೆಗಳು. ಬಿ.ಪಿ.ಗೆ, ಹೃದಯಕ್ಕೆ, ಸಕ್ಕರೆ ಕಾಯಿಲೆಯವರ ಕಿಡ್ನಿ ಕಾಪಾಡೋದಕ್ಕೆ ಕೊಡುವ ಒಳ್ಳೆಯ ಔಷಧಗಳು. ಆದರೆ ಇವು ದೇಹದಲ್ಲಿ ಬ್ರಾಡಿಕೈನಿನ್ ಎಂಬ ವಸ್ತು ಕರಗದೆ ಉಳಿಯುವಂತೆ ಮಾಡುತ್ತವೆ. ಅದು ಶ್ವಾಸನಾಳವನ್ನು ಕೆಣಕುತ್ತದೆ, ಕೆಮ್ಮು ಬರುತ್ತದೆ. ಸುಮಾರು ಹತ್ತರಲ್ಲಿ ಒಬ್ಬರಿಗೆ ಹೀಗಾಗುತ್ತದಂತೆ, ಅದರಲ್ಲೂ ಹೆಂಗಸರಿಗೆ ಹೆಚ್ಚು. ಮಾತ್ರೆ ಶುರುವಾದ ವಾರಕ್ಕೇ ಬರಬಹುದು, ತಿಂಗಳುಗಟ್ಟಲೆ ಆದ ಮೇಲೂ ಬರಬಹುದು. ಅದಕ್ಕೇ ನಮಗೆ ಅನುಮಾನ ಬರೋದಿಲ್ಲ. ಡಾಕ್ಟರಿಗೆ ಗೊತ್ತಿರುವ ವಿಷಯವೇ ಇದು. ‘ಒಣಕೆಮ್ಮು ಬಂದರೆ ನನಗೆ ತಿಳಿಸಿ’ ಎಂದು ಮೊದಲ ದಿನವೇ ಒಂದು ಮಾತು ಹೇಳಿದ್ದರೆ ಅತ್ತೆಯ ಎಂಟು ತಿಂಗಳು ಉಳಿಯುತ್ತಿತ್ತು. ಆ ಸಿಟ್ಟು ನನಗೆ ಈಗಲೂ ಇದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅತ್ತೆಯ ಕೆಮ್ಮು ನಿಂತ ಖುಷಿಗೆ ಪಾರ್ಕಿನಲ್ಲಿ ಸಿಕ್ಕವರಿಗೆಲ್ಲ ಈ ಕಥೆ ಹೇಳಿದೆ. ‘ಆ ಬಿ.ಪಿ. ಮಾತ್ರೆ ಬಿಟ್ಟ ಮೇಲೆ ನೋಡಿ, ಕೆಮ್ಮು ನಿಂತೇಹೋಯ್ತು!’ ಅಂತ. ಗುಂಪಿನಲ್ಲಿದ್ದ ಕೆಳಗಿನ ರಸ್ತೆಯ ಅಕ್ಕ ಒಬ್ಬರಿಗೆ ತಿಂಗಳಿಂದ ಕೆಮ್ಮಿತ್ತು, ಅವರೂ ಬಿ.ಪಿ. ಮಾತ್ರೆ ತಗೋತಿದ್ದರು. ಮನೆಗೆ ಹೋದವರೇ ನಿಲ್ಲಿಸಿಬಿಟ್ಟರು. ಗಂಡನಿಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ಬಿ.ಪಿ. ಏರಿದರೆ ಹೊಟ್ಟೆನೋವಿನ ಹಾಗೆ ಒಳಗಿಂದ ಕೂಗಿ ಹೇಳುತ್ತದೆಯೇ? ಹನ್ನೆರಡನೇ ದಿನ ದೋಸೆ ಹುಯ್ಯುತ್ತಿದ್ದವರ ಎಡಗೈ ಜೋತುಬಿತ್ತು, ಮಾತು ತೊದಲಿತು. ಮನೆಯಲ್ಲಿ ಮಗ ಇದ್ದ, ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋದ. ಪಾರ್ಶ್ವವಾಯು ಎಂದರು. ಮಾತು ಬಂತು. ಕೈ ಮಾತ್ರ ಇನ್ನೂ ಪೂರ್ತಿ ಸ್ವಾಧೀನಕ್ಕೆ ಬಂದಿಲ್ಲ, ಕಾಯಿ ತುರಿಯಲು ಸೊಸೆಯನ್ನು ಕರೆಯುತ್ತಾರೆ.

ಅವರು ತಗೋತಿದ್ದ ಮಾತ್ರೆ ಆಮ್ಲೋಡಿಪಿನ್. ಅದರಿಂದ ಕೆಲವರಿಗೆ ಪಾದ ಊದಿಕೊಳ್ಳುತ್ತದೆ, ನಮ್ಮ ಅತ್ತೆಗೆ ಬಂದಂಥ ಕೆಮ್ಮು ಬರುವುದು ಪ್ರಿಲ್ ಗುಂಪಿನದರಿಂದ. ಅಕ್ಕನ ಕೆಮ್ಮು ರಸ್ತೆ ಅಗೆದ ಧೂಳಿನದಾಗಿತ್ತು. ನೋಡಲು ಹೋದಾಗ ಅವರು ನನ್ನನ್ನು ಬೈಯಲಿಲ್ಲ. ‘ನಿಮ್ಮತ್ತೆಗೆ ನಿಂತಿತಲ್ಲಮ್ಮ, ಅದಕ್ಕೇ ಬಿಟ್ಟೆ’ ಅಂದರಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಅತ್ತೆ ಮಾತ್ರೆ ಬಿಟ್ಟಿರಲೇ ಇಲ್ಲ, ಬದಲಾಯಿಸಿದ್ದರು. ಒಂದು ದಿನವೂ ಖಾಲಿ ಇರಲಿಲ್ಲ. ನಾನು ಮಾತಿನ ಭರದಲ್ಲಿ ‘ಬಿಟ್ಟರು’ ಅಂದೆ. ಮಾತ್ರೆಯ ಹೆಸರನ್ನಂತೂ ಹೇಳಲೇ ಇಲ್ಲ.

ಹಾಗಂತ ಇನ್ನು ಬಾಯಿ ಮುಚ್ಚಿಕೊಂಡಿರೋಣ ಅಂತ ನಾನು ಹೇಳೋದಿಲ್ಲ ಗೆಳತಿಯರೇ. ಹಿಂದಿನ ಮನೆಯ ಆಂಟಿ ಬಾಯಿ ಮುಚ್ಚಿಕೊಂಡಿದ್ದರೆ ಅತ್ತೆ ಇವತ್ತೂ ಕೆಮ್ಮುತ್ತಿರುತ್ತಿದ್ದರು. ಹೇಳುವಾಗ ಪೂರ್ತಿ ಹೇಳೋಣ. ಬಿಳಿ ಮಾತ್ರೆ, ಗುಲಾಬಿ ಮಾತ್ರೆ ಅಂದರೆ ಯಾರಿಗೂ ಉಪಯೋಗವಿಲ್ಲ, ಕಂಪನಿ ಬದಲಾದರೆ ಬಣ್ಣವೂ ಬದಲು. ಸ್ಟ್ರಿಪ್ ಮೇಲೆ ಕಂಪನಿ ಇಟ್ಟ ಹೆಸರಿನ ಜೊತೆಗೆ ಔಷಧದ ನಿಜವಾದ ಹೆಸರೂ ಇರುತ್ತದೆ, ಆ ನಿಜವಾದ ಹೆಸರನ್ನು ಹೇಳಿ. ಎಷ್ಟು ಮಿಲಿಗ್ರಾಂ, ಯಾವ ಕಾಯಿಲೆಗೆ, ಶುರು ಮಾಡಿ ಎಷ್ಟು ದಿನಕ್ಕೆ ಏನಾಯಿತು, ಆಗ ಡಾಕ್ಟರ್ ಏನು ಮಾಡಿದರು ಅನ್ನೋದನ್ನೂ ಸೇರಿಸಿ. ಕೇಳಿದವರು ಮನೆಗೆ ಹೋಗಿ ಮಾತ್ರೆ ಬಿಸಾಡೋದಲ್ಲ, ‘ನನಗೂ ಹಾಗೇ ಆಗ್ತಿದೆ, ಇದರಿಂದಲೇ ಇರಬಹುದಾ?’ ಅಂತ ಬರೆದುಕೊಟ್ಟ ಡಾಕ್ಟರನ್ನೇ ಕೇಳಬೇಕು. ಬೈತಾರೆ ಅನ್ನೋ ಭಯ ಬೇಡ. ಬೈದರೆ ಬೈಯಲಿ, ಎರಡು ನಿಮಿಷ!

ಬಿ.ಪಿ. ಒಂದೇ ಅಲ್ಲ, ಫಿಟ್ಸ್ ಮಾತ್ರೆ, ಎದೆ ಬಡಿತಕ್ಕೆ ಕೊಡುವ ಅಟೆನೊಲಾಲ್, ಬಹಳ ದಿನ ತಗೊಂಡ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್, ನಿದ್ದೆ ಮಾತ್ರೆ, ಇವನ್ನೆಲ್ಲ ಒಮ್ಮೆಲೇ ನಿಲ್ಲಿಸಿದರೆ ಅಪಾಯ. ಡಾಕ್ಟರೇ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಇದಕ್ಕೆ ಉಲ್ಟಾ, ಯಾವುದೇ ಮಾತ್ರೆ ತಗೊಂಡ ಮೇಲೆ ತುಟಿ, ನಾಲಿಗೆ, ಮುಖ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ, ಮೈಮೇಲೆ ಬೊಬ್ಬೆ ಎದ್ದು ಬಾಯಲ್ಲಿ ಹುಣ್ಣಾದರೆ ಮುಂದಿನ ಡೋಸ್ ತಗೊಳ್ಳದೆ ಸ್ಟ್ರಿಪ್ ಸಮೇತ ಆಗಲೇ ಆಸ್ಪತ್ರೆಗೆ ಹೊರಡಿ. ಪಕ್ಕದ ಮನೆಯವರನ್ನು ವಿಚಾರಿಸುತ್ತಾ ಕೂರುವ ಹೊತ್ತಲ್ಲ ಅದು.

ಮಾತ್ರೆಯನ್ನೇ ಹಂಚಿಕೊಳ್ಳೋದು ಮಾತ್ರ ಬೇಡವೇ ಬೇಡ. ಅತ್ತೆಗೆ ಒಗ್ಗಿದ ಈ ಬಿ.ಪಿ. ಮಾತ್ರೆಗಳನ್ನು, ಪ್ರಿಲ್ ಆಗಲಿ ಸಾರ್ಟಾನ್ ಆಗಲಿ, ಬಸುರಿ ಮಗಳಿಗೆ ಕೊಟ್ಟರೆ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ. ಇನ್ನೊಂದು, ಎಲ್ಲದಕ್ಕೂ ಮಾತ್ರೆಯನ್ನೇ ದೂರೋದೂ ಬೇಡ. ‘ಥೈರಾಯ್ಡ್ ಮಾತ್ರೆ ನನಗೆ ಹಿಡಿಸಲೇ ಇಲ್ಲ, ಸುಸ್ತು ಹೋಗಿಲ್ಲ’ ಎನ್ನುತ್ತಿದ್ದ ನನ್ನ ಗೆಳತಿ ಅದನ್ನು ನುಂಗುತ್ತಿದ್ದುದು ಫಿಲ್ಟರ್ ಕಾಫಿ ಜೊತೆಗೆ! ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತಗೊಂಡು, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇರಬೇಕು.

ನಮ್ಮ ಅನುಭವ ಕಾಂಪೌಂಡ್ ದಾಟಿ ಸರ್ಕಾರದವರೆಗೂ ಹೋಗಬಹುದು ಅನ್ನೋದು ನನಗೆ ಇತ್ತೀಚಿನವರೆಗೆ ಗೊತ್ತಿರಲಿಲ್ಲ. ಔಷಧಗಳ ಅಡ್ಡ ಪರಿಣಾಮ ದಾಖಲಿಸಲೆಂದೇ 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದು ಶುರುವಾಗಿದೆ, ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗ 2011ರಿಂದ ಅದನ್ನು ನೋಡಿಕೊಳ್ಳುತ್ತಿದೆ. 1800-180-3024 ಎಂಬ ಉಚಿತ ಸಂಖ್ಯೆಗೆ ಕೆಲಸದ ದಿನಗಳಲ್ಲಿ ನಾವೇ ಫೋನ್ ಮಾಡಿ ಹೇಳಬಹುದು. ಡಾಕ್ಟರೇ ಬರೆಯಬೇಕೆಂದಿಲ್ಲ, ರೋಗಿಗಳು ತುಂಬುವ ಫಾರಂ ಕನ್ನಡದಲ್ಲೂ ಇದೆ. ಜ್ವರಕ್ಕೆಂದು ಮಕ್ಕಳಿಗೆ ಧಾರಾಳವಾಗಿ ಕೊಡುತ್ತಿದ್ದ ನಿಮೆಸುಲೈಡ್ ನೆನಪಿದೆಯಲ್ಲ? ಲಿವರಿಗೆ ತೊಂದರೆ ಎಂಬ ದೂರುಗಳ ನಂತರ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಬಾರದೆಂದು 2011ರಲ್ಲಿ ನಿಷೇಧಿಸಿದರು.

ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆ. ಈಗ ಅದರಲ್ಲೇ ಅತ್ತೆಯ ಅಕ್ಷರದಲ್ಲಿ ಹೊಸ ಮಾತ್ರೆ ಶುರುವಾದ ದಿನ, ತಲೆಸುತ್ತು ಬಂದ ದಿನ, ಬಿ.ಪಿ. ಎಷ್ಟಿತ್ತು ಎಂಬುದೂ ಇರುತ್ತದೆ. ಹೋದ ತಿಂಗಳ ಹಾಳೆಯನ್ನು ಹರಿದು ಮಡಚಿ ಪರ್ಸಿನಲ್ಲಿಟ್ಟುಕೊಂಡು ಡಾಕ್ಟರ್ ಹತ್ತಿರ ಹೋದರು. ಹಾಲಿನವನು ಎರಡು ದಿನದ ದುಡ್ಡು ಜಾಸ್ತಿ ಕೇಳಿದಾಗ ನನ್ನ ಹತ್ತಿರ ಲೆಕ್ಕವೇ ಇರಲಿಲ್ಲ!