ವೇಷವನ್ನು ಓದುವ ಕಣ್ಣು

ಕಲಾವಿದರು ಮಾಧ್ಯಮ ಬದಲಿಸಿದರೆ ಅದನ್ನು ಚಂಚಲತೆಯೆಂದು ಎಣಿಸುವ ರೂಢಿ ನಮ್ಮ ವಿಮರ್ಶೆಯಲ್ಲಿದೆ. 1956ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಪುಷ್ಪಮಾಲಾ ಎನ್. ಅವರ ಕೃತಿಗಳು ಈ ಎಣಿಕೆಯನ್ನು ಸುಳ್ಳಾಗಿಸುತ್ತವೆ. ಬರೋಡದಲ್ಲಿ ಶಿಲ್ಪಕಲೆಯನ್ನು ಅಭ್ಯಸಿಸಿದ ಅವರು 1990ರ ದಶಕದ ನಡುವೆ ಛಾಯಾಚಿತ್ರದತ್ತ ಹೊರಳಿ, ಕ್ಯಾಮೆರಾದ ಎದುರಿಗೆ ತಾವೇ ವೇಷ ಧರಿಸಿ ನಿಂತರು. 2000ರಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ ರೂಪಿಸಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿ, ಬಿಜಾಪುರ ಶೈಲಿಯ ಚಿತ್ರದ ಯೋಗಿನಿ, ವಸಾಹತುಕಾಲದ ಮಾನವಶಾಸ್ತ್ರಜ್ಞರು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಅಳೆದ ಬುಡಕಟ್ಟಿನ ಹೆಣ್ಣು, ಎಲ್ಲರೂ ಅವರೇ. ಸೀರೆ, ಒಡವೆ, ಬಣ್ಣದಲ್ಲಿ ಬರೆಸಿದ ಪರದೆಗಳೇ ಇಲ್ಲಿ ವಾದ ಹೂಡುತ್ತವೆ. ಒಂದೇ ದೇಹವು ದೇವಿಯೂ ಅಳತೆಯ ವಸ್ತುವೂ ಆದಾಗ, ‘ದಕ್ಷಿಣದ ಹೆಣ್ಣು’ ಎಂಬುದು ಚಿತ್ರಿಸಿದವರ ಕಲ್ಪನೆಯೆಂಬುದು ಬಯಲಾಗುತ್ತದೆ.

ಪಂಪನ ‘ಆದಿಪುರಾಣ’ದಲ್ಲಿ ನೀಲಾಂಜನೆಯ ಸ್ಥಾನಕ್ಕೆ ಅದೇ ರೂಪಿನ ಮತ್ತೊಬ್ಬ ನರ್ತಕಿ ಬಂದುದನ್ನು ಇಡೀ ಸಭೆಯಲ್ಲಿ ಆದಿದೇವನೊಬ್ಬನೇ ಗುರುತಿಸುತ್ತಾನೆ. ಪ್ರತಿರೂಪದೊಳಗಿನ ವ್ಯತ್ಯಾಸವನ್ನು ಕಾಣುವ ಆ ಕಣ್ಣನ್ನೇ ಈ ಛಾಯಾಚಿತ್ರಗಳೂ ಬೇಡುತ್ತವೆ. ಆದುದರಿಂದ ಸಾಹಿತ್ಯದ ವಿದ್ಯಾರ್ಥಿಗಳು ಕಾವ್ಯದಲ್ಲಿ ಬರುವ ಉಡುಗೆತೊಡುಗೆಯ ವರ್ಣನೆಯನ್ನು ಅಲಂಕಾರವೆಂದು ದಾಟಿಹೋಗದೆ, ಅದನ್ನು ಯಾರ ನೋಟ ತೊಡಿಸಿತೆಂದು ಕೇಳಬೇಕು.