ಡಂಗುರವಿಲ್ಲದ ಬಹಿಷ್ಕಾರ

ಬಹಿಷ್ಕಾರ ಎಂಬ ಮಾತು ನಮ್ಮ ಸೀಮೆಯ ಹೆಂಗಸರಿಗೆ ಹೊಸದೇನಲ್ಲ. ಕುಲದ ಕಟ್ಟು ಮೀರಿದವರಿಗೆ, ಪಂಚಾಯ್ತಿಯ ಮಾತಿಗೆ ತಲೆಬಾಗದವರಿಗೆ ನೀರು ಬೆಂಕಿ ನಿಲ್ಲಿಸಿದ ಕಥೆಗಳನ್ನು ಅಜ್ಜಿಯರ ಬಾಯಲ್ಲಿ ಕೇಳುತ್ತಲೇ ಬೆಳೆದವರು ನಾವು. ಅದು ಕ್ರೂರ ಪದ್ಧತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕ್ರೌರ್ಯ ಕದ್ದುಮುಚ್ಚಿ ನಡೆಯುತ್ತಿರಲಿಲ್ಲ. ಯಜಮಾನರು ಕಟ್ಟೆಯ ಮೇಲೆ ಕೂರುತ್ತಿದ್ದರು, ತಪ್ಪು ಇಂಥದ್ದು ಎನ್ನುತ್ತಿದ್ದರು, ಊರಿಗೆಲ್ಲ ಕೇಳುವಂತೆ ಸಾರಿಸುತ್ತಿದ್ದರು. ಹೊರಗೆ ಹಾಕಿಸಿಕೊಂಡವಳಿಗೆ ತಾನು ಹೊರಗಿದ್ದೇನೆಂದು ಗೊತ್ತಿರುತ್ತಿತ್ತು. ಹಾಕಿದವರ ಮುಖವೂ ಗೊತ್ತಿರುತ್ತಿತ್ತು. ಜಗಳ ಕಾಯಲು, ಶಾಪ ಹಾಕಲು, ಠಾಣೆಗೆ ಹೋಗಿ ದೂರು ಕೊಡಲು ಒಂದು ಹೆಸರಾದರೂ ಇರುತ್ತಿತ್ತು.

ಈಗ ನಮ್ಮ ಕೈಯಲ್ಲಿರುವ ಫೋನಿನೊಳಗೆ ನಡೆಯುವ ಬಹಿಷ್ಕಾರಕ್ಕೆ ಡಂಗುರವಿಲ್ಲ. ನೀವು ಫೇಸ್‌ಬುಕ್ಕಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಒಂದು ಚಿತ್ರ ಹಾಕುತ್ತೀರಿ, ನಾಲ್ಕು ಮಾತು ಬರೆಯುತ್ತೀರಿ. ನಿಮ್ಮ ಕಣ್ಣಿಗೆ ಅದು ಹಾಕಿದಲ್ಲೇ ಇದೆ. ಬೇರೆಯವರ ಕಣ್ಣಿಗೆ ಮಾತ್ರ ಬೀಳುವುದಿಲ್ಲ. ಹುಡುಕಿದರೆ ನಿಮ್ಮ ಹೆಸರು ಸಿಗುವುದಿಲ್ಲ, ಹೊಸಬರಿಗೆ ನಿಮ್ಮ ಪುಟವನ್ನು ತೋರಿಸುವುದಿಲ್ಲ, ನಿಮ್ಮ ಮಾತು ಪಟ್ಟಿಯ ತಳಕ್ಕೆ ಹೋಗಿ ಕೂರುತ್ತದೆ. ನಿಮ್ಮ ಬಾಯಿ ಕಟ್ಟಿಲ್ಲ, ಕೇಳುವವರ ಕಿವಿಗೆ ಹತ್ತಿ ತುರುಕಿದ್ದಾರೆ, ಅಷ್ಟೆ. ಇದಕ್ಕೆ ಶ್ಯಾಡೋ ಬ್ಯಾನ್ ಎನ್ನುತ್ತಾರೆ, ನೆರಳಿನ ನಿಷೇಧ. ಖಾತೆಯನ್ನೇ ಮುಚ್ಚುವುದಕ್ಕಿಂತ ಇದು ಕೆಟ್ಟದ್ದು ಎಂಬುದು ನನ್ನ ತಕರಾರು. ಮುಚ್ಚಿದ ಬಾಗಿಲನ್ನು ತಟ್ಟಬಹುದು. ಬಾಗಿಲು ತೆರೆದೇ ಇದೆ ಎಂದು ಸುಳ್ಳು ಹೇಳಿದರೆ ಎಲ್ಲಿಗೆ ಹೋಗಿ ತಟ್ಟುವುದು?

ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿ ಹೆಸರಿನಲ್ಲೇ ಸಂತೆಯನ್ನು ಹೊತ್ತ ಊರು. ಯಾವ ಊರಿನದಾದರೂ ಸರಿ, ಸಂತೆಗೆ ಅದರದೇ ಒಂದು ನ್ಯಾಯವಿದೆ. ಸುಂಕ ಕೊಟ್ಟವಳು ಗೋಣಿತಾಟು ಹಾಸಿ ಕೂರುತ್ತಾಳೆ. ಸೊಪ್ಪು ಬಾಡಿದ್ದರೆ ಕೊಳ್ಳುವವಳು ಮುಖದ ಮೇಲೆ ಹೇಳುತ್ತಾಳೆ. ಜಾಗ ಬಿಡಿಸಬೇಕಾದರೆ ಸುಂಕದವನು ಎದುರಿಗೆ ಬಂದು ‘ಎದ್ದೇಳಮ್ಮ’ ಎನ್ನಬೇಕು. ಎದ್ದೇಳುವ ಮೊದಲು ಅವನಿಗೆ ನಾಲ್ಕು ಮಾತು ಅನ್ನುವ ಹಕ್ಕು ಅವಳಿಗುಂಟು.

ಈ ಊರಿನಲ್ಲಿ ರವಿಕೆ ಹೊಲಿಯುವ ಹೆಣ್ಣುಮಗಳೊಬ್ಬಳು ನನಗೆ ಪರಿಚಯ. ಆರಿ ವರ್ಕ್ ಮಾಡುತ್ತಾಳೆ, ಸೀರೆಗೆ ಕುಚ್ಚು ಕಟ್ಟುತ್ತಾಳೆ. ಹೊಲಿದ ರವಿಕೆಗಳ ಚಿತ್ರಗಳನ್ನು ಒಂದು ಆ್ಯಪಿನಲ್ಲಿ ಹಾಕತೊಡಗಿದ ಮೇಲೆ ಚನ್ನರಾಯಪಟ್ಟಣದಿಂದ, ಮಂಡ್ಯದಿಂದ, ಮೈಸೂರಿನಿಂದ ಫೋನು ಬರತೊಡಗಿದವು. ಎರಡು ವರ್ಷ ಹೀಗೇ ನಡೆಯಿತು. ಒಂದು ಸಲ ಮದುವೆಗಳ ಕಾಲ ಶುರುವಾಗುವ ಹೊತ್ತಿಗೆ ಸರಿಯಾಗಿ ಫೋನು ನಿಂತಿತು. ದಿನಾ ಚಿತ್ರ ಹಾಕಿದರೂ ನೋಡುವವರಿಲ್ಲ. ಅತ್ತೆ ‘ಕಣ್ಣು ಬಿದ್ದದೆ’ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಇವಳು ಕೂಲಿಯಲ್ಲಿ ಐವತ್ತು ರೂಪಾಯಿ ಇಳಿಸಿದಳು. ಆಮೇಲೆ ನನ್ನ ಹತ್ತಿರ ಅಂದಳು: ‘ನನ್ ಕೈಲೇ ಏನೋ ಐಬು ಬಂದದೆ ಕಣಕ್ಕ. ಮೊದ್ಲಂಗೆ ಹೊಲೀತಿಲ್ವೇನೋ ನಾನು.’

ನನ್ನ ಹೊಟ್ಟೆ ಉರಿದದ್ದು ಈ ಮಾತಿಗೆ. ಅವಳ ಕೈಯಲ್ಲಿ ಯಾವ ಐಬೂ ಇರಲಿಲ್ಲ. ಕಾಲೇಜು ಓದುವ ಅವಳ ತಂಗಿಯ ಮಗಳು ಒಂದು ದಿನ ಫೋನಿನ ಸೆಟ್ಟಿಂಗ್ಸ್ ತೆರೆದು, ಒಂದರೊಳಗೊಂದು ಪುಟ ದಾಟಿ ಹೋಗಿ ನೋಡಿದಾಗ ಅಲ್ಲೊಂದು ಸೂಚನೆ ತೆಪ್ಪಗೆ ಕೂತಿತ್ತು: ಈ ಖಾತೆಯನ್ನು ಹೊಸಬರಿಗೆ ತೋರಿಸಲಾಗುವುದಿಲ್ಲ. ಕಾರಣ, ನಾಲ್ಕು ಚಿತ್ರಗಳು. ಚಿತ್ರಗಳಲ್ಲಿ ಇದ್ದದ್ದು ರವಿಕೆಯ ಹಿಂದಿನ ಕುತ್ತಿಗೆಯ ಡಿಸೈನು, ಲಾಡಿ, ಒಂದಿಷ್ಟು ಬೆನ್ನು. ನಮ್ಮ ಕಡೆ ಮದುವೆಮನೆಯಲ್ಲಿ ನೂರು ಬೆನ್ನು ಹೀಗೇ ಓಡಾಡುತ್ತವೆ, ಯಾರ ಮಾನವೂ ಹೋಗುವುದಿಲ್ಲ. ಯಂತ್ರ ಮಾತ್ರ ಅದನ್ನು ಅಶ್ಲೀಲವೆಂದು ತೀರ್ಮಾನಿಸಿತ್ತು. ಎರಡು ಚಿತ್ರಗಳಿಗೆ ಮೇಲ್ಮನವಿ ಹಾಕಿ, ಇನ್ನೆರಡನ್ನು ಅಳಿಸಿದ ಮೇಲೆ ಗಿರಾಕಿಗಳು ನಿಧಾನವಾಗಿ ಮರಳಿದರು. ಅಷ್ಟರಲ್ಲಿ ಆ ವರ್ಷದ ಲಗ್ನಗಳು ಮುಗಿದಿದ್ದವು.

‘ಸೂಚನೆ ಇತ್ತಲ್ಲ’ ಎಂದು ವಾದಿಸುವವರಿದ್ದಾರೆ. ತಾಲ್ಲೂಕು ಕಚೇರಿಯ ಕಡತದ ಕೋಣೆಯೊಳಗೆ ನೋಟಿಸು ಅಂಟಿಸಿ, ಬೀಗ ಹಾಕಿ, ನಿಮಗೆ ತಿಳಿಸಿಯಾಗಿದೆ ಎಂದರೆ ಒಪ್ಪುತ್ತೀರಾ? ಒಂದು ಮೆಚ್ಚುಗೆ ಬಿದ್ದರೂ ಟಿಣ್ ಎಂದು ಸದ್ದು ಮಾಡುವ ಫೋನಿಗೆ, ಹೊಟ್ಟೆಪಾಡು ನಿಂತ ಸುದ್ದಿ ಹೇಳಲು ಬಾಯಿ ಬರಲಿಲ್ಲವೇ?

ಇದು ಒಬ್ಬಳ ದುರದೃಷ್ಟವಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. 2023ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆ, ಚಿತ್ರಗಳನ್ನು ತೂಗಿ ನೋಡುವ ದೊಡ್ಡ ಕಂಪನಿಗಳ ಯಂತ್ರಬುದ್ಧಿಯನ್ನು ಪರೀಕ್ಷೆಗೆ ಒಡ್ಡಿತು. ಗಂಡಸಿನ ಚಿತ್ರ, ಅದೇ ಬಗೆಯ ಹೆಂಗಸಿನ ಚಿತ್ರ ಎರಡನ್ನೂ ಕೊಟ್ಟರೆ ಹೆಂಗಸಿನದನ್ನೇ ಹೆಚ್ಚು ಉದ್ರೇಕಕಾರಿ ಎಂದು ಯಂತ್ರ ಎಣಿಸುತ್ತಿತ್ತು. ಬಸುರಿಯ ಹೊಟ್ಟೆಯ ಚಿತ್ರಕ್ಕೂ ಆ ಹಣೆಪಟ್ಟಿ. ಸ್ತನ ಪರೀಕ್ಷೆ ಹೇಗೆಂದು ತೋರಿಸುವ ವೈದ್ಯಕೀಯ ಚಿತ್ರಕ್ಕೂ ಆ ಹಣೆಪಟ್ಟಿ. ನೋಡುವವನ ಕಣ್ಣಿನ ದೋಷವನ್ನು ಹೆಣ್ಣಿನ ಮೈಗೆ ಹೊರಿಸುವ ಹಳೆಯ ಚಾಳಿಯನ್ನು ಯಂತ್ರಕ್ಕೂ ಕಲಿಸಿಬಿಟ್ಟಿದ್ದೇವೆ. ಸೆರಗು ಸರಿಮಾಡಿಕೋ ಎನ್ನುವ ಚಿಕ್ಕಪ್ಪ ಈಗ ಫೋನಿನೊಳಗೂ ಬಂದು ಕೂತಿದ್ದಾನೆ.

ಹೆಣ್ಣಿನ ಮೈ ಒಂದೇ ಅಲ್ಲ, ಹಳ್ಳಿಯ ಮೈಯೂ ಕಣ್ಣಿಗೆ ಆಗದ ಕಾಲವೊಂದಿತ್ತು. ಟಿಕ್‌ಟಾಕ್ ನಿಮಗೆ ನೆನಪಿರಬೇಕು. 2020ರ ಜೂನ್‌ನಲ್ಲಿ ಭಾರತ ಸರ್ಕಾರ ಅದನ್ನು ನಿಷೇಧಿಸಿತು. ಅದಕ್ಕೂ ಮೂರು ತಿಂಗಳ ಹಿಂದೆ, ಆ ಕಂಪನಿಯ ಒಳಗಿನ ಕಾಗದಗಳನ್ನು ಅಮೆರಿಕದ ಇಂಟರ್‌ಸೆಪ್ಟ್ ಪತ್ರಿಕೆ ಬಯಲಿಗೆ ತಂದಿತು. ಕುರೂಪಿಗಳೆಂದು ಕಂಡವರ, ಬಡವರ, ಅಂಗವಿಕಲರ ವಿಡಿಯೊಗಳನ್ನು ಹೊಸ ನೋಡುಗರಿಗೆ ತೋರಿಸದಂತೆ ಅದರಲ್ಲಿ ಸೂಚನೆಯಿತ್ತು. ಬಿರುಕು ಬಿಟ್ಟ ಗೋಡೆ, ಕೊಳೆಗೇರಿ, ಹಳ್ಳಿಯ ಹೊಲ ಹಿನ್ನೆಲೆಯಲ್ಲಿದ್ದರೂ ಅಷ್ಟೆ. ಸುಂದರವಾದ ಹಳ್ಳಿ ನೋಟಕ್ಕೆ ಮಾತ್ರ ವಿನಾಯಿತಿ! ಆ ನಿಯಮಗಳಲ್ಲಿ ಹೆಚ್ಚಿನವು ಆಗ ಬಳಕೆಯಲ್ಲಿರಲಿಲ್ಲ, ಜನರನ್ನು ಗೇಲಿಯಿಂದ ಕಾಪಾಡಲು ಮಾಡಿದ್ದು ಎಂದು ಕಂಪನಿ ಸಮಜಾಯಿಷಿ ಹೇಳಿತು. ಕಾಪಾಡುವುದಕ್ಕಾಗಿ ಮರೆಮಾಡುವುದು ಎಂಬ ಈ ಮಾತನ್ನು ನಾವು ಎಷ್ಟು ತಲೆಮಾರುಗಳಿಂದ ಕೇಳಿಲ್ಲ! ಗದ್ದೆ ಬದುವಿನ ಮೇಲೆ ನಿಂತು ಕುಣಿದ ನಮ್ಮ ಕಡೆಯ ಹುಡುಗಿಯರಿಗೆ ಇಂಥ ಅಳತೆಗೋಲೊಂದಿದೆ ಎಂದು ಯಾರಾದರೂ ಹೇಳಿದ್ದರೇ?

ಕಂಪನಿಗಳು ಇದನ್ನು ಸುಲಭವಾಗಿ ಒಪ್ಪುವುದಿಲ್ಲ. 2018ರಲ್ಲಿ ಟ್ವಿಟರ್, ನಾವು ಶ್ಯಾಡೋ ಬ್ಯಾನ್ ಮಾಡುವುದಿಲ್ಲ, ಮಾತುಗಳನ್ನು ಮೇಲೆ ಕೆಳಗೆ ಜೋಡಿಸುತ್ತೇವೆ ಅಷ್ಟೆ ಎಂದಿತ್ತು. 2022ರ ಡಿಸೆಂಬರ್‌ನಲ್ಲಿ ಹೊಸ ಮಾಲೀಕರ ಕೈಗೆ ಬಂದ ಮೇಲೆ ಒಳಗಿನ ಕಾಗದಗಳು ಹೊರಬಿದ್ದವು. ಕೆಲವು ಖಾತೆಗಳು ಹುಡುಕಿದರೂ ಸಿಗದಂತೆ, ಹೆಚ್ಚು ಜನಕ್ಕೆ ಹರಡದಂತೆ ಪಟ್ಟಿ ಮಾಡಿಟ್ಟದ್ದು ಅದರಲ್ಲಿ ಕಂಡಿತು. ಒಳಗೆ ಅದಕ್ಕೆ ಬೇರೆ ಹೆಸರಿತ್ತು, ಅಷ್ಟೇ ವ್ಯತ್ಯಾಸ.

ಹಾಗಾದರೆ ನಮ್ಮ ಖಾತೆಗೆ ಹೀಗಾಗಿದೆ ಎಂದು ತಿಳಿಯುವುದು ಹೇಗೆ? ನೋಡುವವರು ಕಡಿಮೆಯಾದದ್ದೆಲ್ಲ ನಿಷೇಧವಲ್ಲ ಎಂಬುದನ್ನು ಮೊದಲು ನೆನಪಿಡಿ. ಮಕ್ಕಳ ಪರೀಕ್ಷೆ, ಕೊಯ್ಲು, ಹಬ್ಬ ಇದ್ದಾಗ ಜನ ಫೋನು ಮುಟ್ಟದೇ ಇರಬಹುದು. ಗುಮಾನಿ ಬಂದರೆ, ನಿಮ್ಮನ್ನು ಹಿಂಬಾಲಿಸದ ಒಬ್ಬಳ ಫೋನಿನಲ್ಲಿ ನಿಮ್ಮ ಹೆಸರನ್ನು ಹುಡುಕಿಸಿ. ನೀವು ಬೇರೆಡೆ ಬರೆದ ಪ್ರತಿಕ್ರಿಯೆ ಅವಳಿಗೆ ಕಾಣುತ್ತದೆಯೇ ನೋಡಿ. ವ್ಯಾಪಾರದ ಖಾತೆಯಾದರೆ, ಹಿಂಬಾಲಿಸುವವರು ಎಷ್ಟು ಮಂದಿ ನೋಡಿದರು, ಹೊಸಬರು ಎಷ್ಟು ಮಂದಿ ನೋಡಿದರು ಎಂಬ ಲೆಕ್ಕ ಸಿಗುತ್ತದೆ. ಹಳಬರ ಲೆಕ್ಕ ಇದ್ದಂತೆಯೇ ಇದ್ದು, ಹೊಸಬರ ಲೆಕ್ಕ ಒಮ್ಮೆಗೇ ಸೊನ್ನೆಯ ಹತ್ತಿರ ಬಂದಿದ್ದರೆ ಅನುಮಾನಕ್ಕೆ ಕಾರಣವಿದೆ. ಇನ್‌ಸ್ಟಾಗ್ರಾಮಿನ ಸೆಟ್ಟಿಂಗ್ಸ್‌ನಲ್ಲಿ ‘ಅಕೌಂಟ್ ಸ್ಟೇಟಸ್’ ಎಂಬ ಪುಟವಿದೆ. ಹೊಸಬರಿಗೆ ತೋರಿಸದಂತೆ ತಡೆದಿದ್ದರೆ ಅದನ್ನು ಅಲ್ಲಿ ಹೇಳುವ ಏರ್ಪಾಡು 2022ರ ಡಿಸೆಂಬರ್‌ನಲ್ಲಿ, ಜಗತ್ತಿನಾದ್ಯಂತ ಕೂಗೆದ್ದ ಮೇಲೆ ಬಂತು. ತಿಂಗಳಿಗೊಮ್ಮೆ ಕರೆಂಟು ಬಿಲ್ಲು ನೋಡುವಂತೆ ಅದನ್ನೂ ನೋಡಿ.

ತಡೆ ಕಂಡರೆ ಸಿಟ್ಟಿನಲ್ಲಿ ಖಾತೆ ಅಳಿಸಬೇಡಿ. ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ, ಅಲ್ಲೇ ಮೇಲ್ಮನವಿ ಹಾಕಿ. ಹಿಂಬಾಲಕರನ್ನು ಹೆಚ್ಚಿಸುತ್ತೇವೆ ಎನ್ನುವ ಹೊರಗಿನ ಆ್ಯಪುಗಳಿಗೆ ನಿಮ್ಮ ಪಾಸ್‌ವರ್ಡ್ ಕೊಟ್ಟಿದ್ದರೆ ಇಂದೇ ಬಿಡಿಸಿ, ಪಾಸ್‌ವರ್ಡ್ ಬದಲಿಸಿ. ದುಡ್ಡು ಕೊಟ್ಟರೆ ಶ್ಯಾಡೋ ಬ್ಯಾನ್ ತೆಗೆಸಿಕೊಡುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡಿ. ಓಟಿಪಿ ಕೇಳಿದರಂತೂ ಅವನು ಕಳ್ಳನೇ. ಕಂಪನಿ ಬಾಯಿ ಬಿಡದಿದ್ದರೆ, ಭಾರತದಲ್ಲಿ ಅದಕ್ಕೊಬ್ಬ ಕುಂದುಕೊರತೆ ಅಧಿಕಾರಿ ಇರಲೇಬೇಕೆಂದು 2021ರ ಐಟಿ ನಿಯಮಗಳು ಹೇಳುತ್ತವೆ. 24 ಗಂಟೆಯೊಳಗೆ ದೂರು ತಲುಪಿತೆಂದು ಅವನು ತಿಳಿಸಬೇಕು. ಅವನ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ, 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಚಿಸಿದ ಮೇಲ್ಮನವಿ ಸಮಿತಿಗೆ ಮನೆಯಿಂದಲೇ ಅರ್ಜಿ ಹಾಕಬಹುದು.

ಆದರೆ ಈ ನಿಯಮದಲ್ಲೇ ಒಂದು ತೂತಿದೆ. ನಿಮ್ಮ ಬರಹವನ್ನು ದೊಡ್ಡ ಕಂಪನಿಯೊಂದು ತಾನಾಗಿ ತೆಗೆದುಹಾಕಿದರೆ ಕಾರಣ ಹೇಳಬೇಕು, ನಿಮ್ಮ ಮಾತು ಕೇಳಬೇಕು ಎಂದು ಅದು ಹೇಳುತ್ತದೆ. ತೆಗೆಯದೆ, ಇದ್ದಲ್ಲೇ ಇಟ್ಟು ಯಾರಿಗೂ ಕಾಣದಂತೆ ಮಾಡಿದರೆ? ಅದರ ಬಗ್ಗೆ ಸ್ಪಷ್ಟ ಮಾತಿಲ್ಲ. ಯುರೋಪಿನ ದೇಶಗಳಲ್ಲಿ 2024ರ ಫೆಬ್ರವರಿಯಿಂದ ಪೂರ್ತಿ ಜಾರಿಯಾದ ಡಿಜಿಟಲ್ ಸೇವೆಗಳ ಕಾಯಿದೆ ಈ ತೂತನ್ನು ಮುಚ್ಚಿದೆ. ಬರಹವನ್ನು ಕೆಳಗೆ ತಳ್ಳಿದರೂ, ಹುಡುಕಾಟದಲ್ಲಿ ಮರೆಮಾಡಿದರೂ ಖಾತೆದಾರನಿಗೆ ಕಾರಣ ಕೊಡಬೇಕು. ಗುಟ್ಟಾಗಿ ತಡೆಗೊಳಗಾದ ಒಬ್ಬ ಡಚ್ ಖಾತೆದಾರ ಟ್ವಿಟರಿನ ಮೇಲೆ, ಎಂದರೆ ಈಗ ಎಕ್ಸ್ ಎಂದು ಹೆಸರು ಬದಲಿಸಿಕೊಂಡಿರುವ ಕಂಪನಿಯ ಮೇಲೆ, ದಾವೆ ಹೂಡಿದ. 2024ರ ಜುಲೈನಲ್ಲಿ ಆಮ್‌ಸ್ಟರ್‌ಡ್ಯಾಮ್ ನ್ಯಾಯಾಲಯದಲ್ಲಿ ಗೆದ್ದ. ಅಲ್ಲಿಯವನಿಗೆ ಸಿಕ್ಕ ಕಾರಣ ಸಂತೆಬಾಚಹಳ್ಳಿಯ ರವಿಕೆ ಹೊಲಿಯುವವಳಿಗೆ ಯಾಕೆ ಸಿಗಬಾರದು?

ಇಲ್ಲಿ ನಮ್ಮದೇ ಹೈಕೋರ್ಟಿನ ಕಥೆಯನ್ನೂ ಹೇಳಬೇಕು. ಐಟಿ ಕಾಯಿದೆಯ 69ಎ ಕಲಮಿನ ಕೆಳಗೆ ಕೇಂದ್ರ ಸರ್ಕಾರ 2021ರ ಫೆಬ್ರವರಿಯಿಂದ ಒಂದು ವರ್ಷದಲ್ಲಿ 1,474 ಖಾತೆಗಳನ್ನು ತಡೆಹಿಡಿಯಲು ಟ್ವಿಟರಿಗೆ ಆದೇಶಿಸಿತ್ತು. ಅವುಗಳಲ್ಲಿ ಕೆಲವನ್ನು ಪ್ರಶ್ನಿಸಿ ಟ್ವಿಟರ್ 2022ರಲ್ಲಿ ಕರ್ನಾಟಕ ಹೈಕೋರ್ಟಿಗೆ ಬಂತು. ಖಾತೆದಾರರಿಗೆ ನೋಟಿಸು ಕೊಟ್ಟಿಲ್ಲ ಎಂಬುದು ಅದರ ವಾದಗಳಲ್ಲೊಂದು. ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ 2023ರ ಜೂನ್ 30ರಂದು ಅರ್ಜಿಯನ್ನು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿದರು. ತಮಾಷೆ ನೋಡಿ: ತನ್ನ ಖಾತೆದಾರರಿಗೆ ತಾನು ಕೊಡದ ನೋಟಿಸನ್ನು ಸರ್ಕಾರ ಕೊಡಬೇಕೆಂದು ಕಂಪನಿ ಕೇಳುತ್ತದೆ. ಸರ್ಕಾರವಾದರೋ, ತಡೆ ಆದೇಶಗಳು ಗುಟ್ಟಾಗಿರಬೇಕು ಎಂಬ 2009ರ ನಿಯಮವನ್ನು ಹಿಡಿದು ಕೂತಿದೆ. ಇಬ್ಬರು ಯಜಮಾನರು ಬಡಿದಾಡುತ್ತಾರೆ. ಬಾಯಿ ಕಟ್ಟಿಸಿಕೊಂಡವಳನ್ನು ಇಬ್ಬರೂ ಕಟ್ಟೆಗೆ ಕರೆಯುವುದಿಲ್ಲ.

ಎಲ್ಲವನ್ನೂ ಹೇಳಿಬಿಟ್ಟರೆ ವಂಚಕರು ತಪ್ಪಿಸಿಕೊಳ್ಳುವ ದಾರಿ ಕಲಿಯುತ್ತಾರೆ ಎನ್ನುವುದು ಕಂಪನಿಗಳ ಪರವಾಗಿ ಕೇಳಿಬರುವ ವಾದ. ವಂಚಕನಿಗೆ ಹತ್ತು ಖಾತೆಗಳಿರುತ್ತವೆ. ಒಂದರಿಂದ ಇನ್ನೊಂದನ್ನು ಪರೀಕ್ಷಿಸಿ ಅವನು ಬೇಗ ತಿಳಿದುಕೊಳ್ಳುತ್ತಾನೆ. ಕತ್ತಲಲ್ಲಿ ಉಳಿಯುವವಳು ಒಂದೇ ಖಾತೆಯ ಪ್ರಾಮಾಣಿಕಳು. ಇನ್ನೊಂದು ವಾದ ಹೆಂಗಸರ ಕಡೆಯಿಂದಲೇ ಬರುತ್ತದೆ: ಹೊಲಸು ಬರೆಯುವ ಗಂಡಸರನ್ನು ಗುಟ್ಟಾಗಿ ತಡೆಯುವುದು ನಮಗೆ ಒಳ್ಳೆಯದಲ್ಲವೇ? ಹೌದು, 2019ರಲ್ಲಿ ಇನ್‌ಸ್ಟಾಗ್ರಾಂ ಅಂಥದೊಂದು ಅನುಕೂಲವನ್ನು ನಮ್ಮ ಕೈಗೇ ಕೊಟ್ಟಿತು. ಪೋಕರಿ ಬರೆದ ಪ್ರತಿಕ್ರಿಯೆ ಅವನಿಗೆ ಕಾಣುತ್ತದೆ, ಬೇರೆಯವರಿಗೆ ಕಾಣುವುದಿಲ್ಲ. ಅದನ್ನು ನಾನೂ ಮೆಚ್ಚುತ್ತೇನೆ. ನನ್ನ ಮನೆಯ ಜಗುಲಿಯ ಮೇಲೆ ಯಾರು ಕೂರಬೇಕು ಎನ್ನುವುದು ನನಗೆ ಸೇರಿದ್ದು. ಊರಿನ ರಸ್ತೆಯಲ್ಲಿ ಯಾರು ಓಡಾಡಬೇಕು ಎಂದು ಒಬ್ಬ ಗುಟ್ಟಾಗಿ ತೀರ್ಮಾನಿಸುವುದು ಬೇರೆ. ಆ ಪೋಕರಿಗಳೇ ಗುಂಪು ಕಟ್ಟಿಕೊಂಡು ಒಬ್ಬಳ ಖಾತೆಯ ಮೇಲೆ ದೂರಿನ ಮಳೆ ಸುರಿಸಿದಾಗ, ಅವಳಿಗೆ ಬೇಕಾದದ್ದು ಬೆಳಕೇ ಹೊರತು ಕತ್ತಲಲ್ಲ.

ನಾವು ಕೇಳುತ್ತಿರುವುದು ಭಾರಿ ದೊಡ್ಡದೇನಲ್ಲ. ತಡೆದರೆ ತಡೆದ ದಿನವೇ ತಿಳಿಸಿ. ನಮ್ಮ ಭಾಷೆಯಲ್ಲಿ, ಕನ್ನಡದಲ್ಲಿ ತಿಳಿಸಿ. ಯಾವ ಚಿತ್ರ, ಯಾವ ಮಾತು, ಯಾವ ನಿಯಮ ಎಂದು ಹೇಳಿ. ಮೇಲ್ಮನವಿಯನ್ನು ಯಂತ್ರದ ಕೈಗೆ ಮತ್ತೆ ಕೊಡದೆ ಒಬ್ಬ ಮನುಷ್ಯ ನೋಡಲಿ. ಕಾಣದಂತೆ ಮಾಡುವುದೂ ತೆಗೆದುಹಾಕುವುದಕ್ಕೆ ಸಮ ಎಂದು ನಮ್ಮ ನಿಯಮದಲ್ಲಿ ಒಂದು ಸಾಲು ಸೇರಲಿ. ಇಷ್ಟನ್ನು ನಮ್ಮ ಸಂಸದರಿಗೆ ಪತ್ರ ಬರೆದು ಕೇಳಲು ಸ್ತ್ರೀಶಕ್ತಿ ಸಂಘಗಳಿಗೆ, ಮಹಿಳಾ ಸಮಾಜಗಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಅಲ್ಲಿಯವರೆಗೆ ಒಂದು ಮಾತು. ನೋಡುವವರು ದಿಢೀರನೆ ಇಲ್ಲವಾದ ದಿನ ಕನ್ನಡಿಯ ಮುಂದೆ ನಿಂತು ನಿಮ್ಮ ಮುಖವನ್ನು, ನಿಮ್ಮ ಕೈಗೆಲಸವನ್ನು ಹಳಿದುಕೊಳ್ಳಬೇಡಿ. ಮೊದಲು ಸೆಟ್ಟಿಂಗ್ಸ್ ತೆರೆದು ನೋಡಿ. ಹೆಂಗಸರು ಹಾಗೆ ಹಳಿದುಕೊಂಡು ಸುಮ್ಮನಾಗುತ್ತಾರೆ ಎಂಬ ಧೈರ್ಯದ ಮೇಲೇ ಈ ಗುಟ್ಟಿನ ಬಹಿಷ್ಕಾರ ನಡೆಯುತ್ತಿದೆ.